ಸಾರು ಬಡಿಸುವವನ ಹಿಮ್ಮಡಿ

ಪಂಕ್ತಿಯಲ್ಲಿ ಎಲ್ಲರಿಗಿಂತ ಬೇಗ ಕಾಲು ಹಾಕಬೇಕಾದವನು ಸಾರಿನವನು. ಅನ್ನದವನು ನಿಧಾನ ಮಾಡಿದರೆ ಜನ ಉಪ್ಪಿನಕಾಯಿ ನೆಕ್ಕಿಕೊಂಡು ಕೂರುತ್ತಾರೆ. ಪಾಯಸದವನು ತಡ ಮಾಡಿದರೆ ಒಳ್ಳೆಯದೇ, ಅಷ್ಟರಲ್ಲಿ ಹೊಟ್ಟೆಯಲ್ಲಿ ಜಾಗವಾಗುತ್ತದೆ. ಆದರೆ ಎಲೆಗೆ ಅನ್ನ ಬಿದ್ದು, ಉಣ್ಣುವವನು ಅದರ ನಡುವೆ ಗುಂಡಿ ಮಾಡಿ ಕೈ ಎತ್ತಿ ಕೂತ ಮೇಲೂ ಸಾರು ಬರಲಿಲ್ಲವೆಂದರೆ ಆ ಮದುವೆಯ ಹೆಸರು ಕೆಟ್ಟಿತೆಂದೇ ತಿಳಿಯಬೇಕು. ಸಾಗರದ ಹೇರಂಬ ಭಟ್ಟರ ಅಡುಗೆ ತಂಡದಲ್ಲಿ ಈ ಸಾರಿನ ಬಕೆಟ್ಟು ಬಹಳ ವರ್ಷಗಳಿಂದ ವಿಘ್ನೇಶ್ವರನ ಕೈಯಲ್ಲಿತ್ತು.

ಪಿಯುಸಿಯನ್ನು ಎರಡು ಸಲ ಬರೆದು, ಎರಡು ಸಲವೂ ಇಂಗ್ಲಿಷಿನಲ್ಲಿ ಜಾರಿ, ಬೇರೇನೂ ಹೊಳೆಯದೆ ತಂಡಕ್ಕೆ ಸೇರಿದವನು ಅವನು. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು ಹಿಡಿದು ಸೊಂಟ ಬಗ್ಗಿಸಿದನೆಂದರೆ ಸಾಲಿನ ಕೊನೆಯ ಎಲೆಯವರೆಗೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಒಂದು ತೊಟ್ಟೂ ಎಲೆಯ ಹೊರಗೆ ಬೀಳುತ್ತಿರಲಿಲ್ಲ. ಅವನನ್ನು ಬಲ್ಲ ಮನೆಗಳಲ್ಲಿ ಹೆಂಗಸರು ದೂರದಿಂದಲೇ ನೋಡಿ, "ತಾಳಗುಪ್ಪದ ಇಂಟರ್‌ಸಿಟಿ ರೈಲು ಬಂತು, ಬೇಗ ಗುಂಡಿ ಮಾಡ್ಕಳಿ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷದ ಆಯುಸ್ಸಿನಲ್ಲಿ ಅವನಿಗೆ ಸಿಕ್ಕಿದ್ದ ಬಿರುದು ಅದೊಂದೇ.

ಹೊಸನಗರದಲ್ಲಿ ಯುವಕ ಸಂಘದವರು ಇಪ್ಪತ್ತೊಂದು ಕಿಲೋಮೀಟರಿನ ಓಟ ಇಟ್ಟಿದ್ದಾರೆಂದು ಮೊಬೈಲಿನಲ್ಲಿ ತೋರಿಸಿದವನು ಪ್ರದೀಪ. ತಂಡದಲ್ಲಿ ಪಾಯಸ ಬಡಿಸುವವನು, ವಿಘ್ನೇಶ್ವರನ ಓರಗೆಯವನು.

"ನೀ ಹ್ಯಾಂಗಿದ್ರೂ ಓಡದೇ ಕೆಲ್ಸ. ಒಂದ್ಸಲ ಬಕೆಟ್ ಬಿಟ್ಟು ಓಡಿ ನೋಡು," ಎಂದ.

"ಬಕೆಟ್ ಇಲ್ದೇ ಇದ್ರೆ ಬ್ಯಾಲೆನ್ಸ್ ತಪ್ತು ಮಾರಾಯ."

"ಖಾಲಿ ಬಕೆಟ್ ಹಿಡ್ಕಂಡು ಓಡು. ಫೋಟೋ ಆದ್ರೂ ಬತ್ತು ಪೇಪರಲ್ಲಿ."

ತಮಾಷೆಗೆ ಶುರುವಾದದ್ದು ತಮಾಷೆಯಾಗಿ ಉಳಿಯಲಿಲ್ಲ. ಸಾಗರದ ಪೇಟೆಯಲ್ಲಿ ಶೂ ಕೊಂಡು, ಕೆಲಸವಿಲ್ಲದ ಬೆಳಗುಗಳಲ್ಲಿ ವರದಹಳ್ಳಿಯ ರಸ್ತೆ ಹಿಡಿದ ಮೊದಲ ವಾರದಲ್ಲೇ ವಿಘ್ನೇಶ್ವರನಿಗೆ ಒಂದು ವಿಷಯ ಹೊಳೆಯಿತು. ಈ ರಸ್ತೆಯಲ್ಲಿ ಯಾರೂ ಅನ್ನಕ್ಕೆ ಗುಂಡಿ ಮಾಡಿ ಅವನಿಗಾಗಿ ಕಾಯುತ್ತಿಲ್ಲ. ಬೆನ್ನು ನೆಟ್ಟಗಿಟ್ಟುಕೊಂಡು ಓಡಬಹುದು. ಬೇಕಾದಲ್ಲಿ ನಿಲ್ಲಬಹುದು. ನಿಲ್ಲಬಹುದೆಂದು ಗೊತ್ತಾದ ಮೇಲೆ ಅವನಿಗೆ ನಿಲ್ಲಬೇಕೆಂದೇ ಅನ್ನಿಸಲಿಲ್ಲ.

ಓಟ ನಡೆದದ್ದು ದೀಪಾವಳಿ ಕಳೆದ ಮೇಲೆ. ಕೊನೆಯ ಇಳುಕಲಿನಲ್ಲಿ ಬಲಗಾಲಿನ ಶೂ ಒಳಗೆ ಒಂದು ಜಲ್ಲಿಕಲ್ಲು ಸೇರಿಕೊಂಡಂತಾಯಿತು. ನಿಂತು, ಶೂ ಕಳಚಿ ಕೊಡವಿದ. ಕಲ್ಲಿರಲಿಲ್ಲ. ಮತ್ತೆ ತೊಟ್ಟು ಓಡಿದ. ಕಲ್ಲು ಅಲ್ಲೇ ಇತ್ತು. ನಾಲ್ಕನೆಯವನಾಗಿ ಗುರಿ ಮುಟ್ಟಿದ. ಶೂ ಕಳಚಲು ನಿಲ್ಲದಿದ್ದರೆ ಮೂರನೆಯವನಾಗುತ್ತಿದ್ದೆ ಎಂದು ಬಸ್ಸಿನಲ್ಲಿ ಸಾಗರದವರೆಗೂ ಲೆಕ್ಕ ಹಾಕಿದ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಲಗಾಲು ಊರಿದವನು ಗೋಡೆ ಹಿಡಿದು ನಿಂತ. ಹಿಮ್ಮಡಿಯ ಅಡಿಯಲ್ಲಿ ಯಾರೋ ಮೊಳೆ ಇಟ್ಟು ಕಾಯುತ್ತಿದ್ದಂತಿತ್ತು.

ಆ ದಿನ ನಾಮಕರಣವೊಂದಿತ್ತು. ಹೋಗಿ ಬಡಿಸಿದ. ಕಾಲು ಬಿಸಿಯಾದ ಮೇಲೆ ನೋವು ತಗ್ಗಿತು. ಎರಡು ದಿನದಲ್ಲಿ ಹೋಗುತ್ತದೆಂದುಕೊಂಡ. ಹೋಗಲಿಲ್ಲ. ನೋವು ಮನೆಗೆ ಬಂದ ನೆಂಟನಂತೆ ತನ್ನ ಹೊತ್ತುಗಳನ್ನು ತಾನೇ ಗೊತ್ತುಮಾಡಿಕೊಂಡಿತು. ಬೆಳಿಗ್ಗೆ ಎದ್ದಾಗ ಜೋರು, ಆಮೇಲೆ ಸಪ್ಪಗೆ, ಕೂತು ಎದ್ದರೆ ಮತ್ತೆ ಜೋರು, ಪಾತ್ರೆ ತೊಳೆಯುವ ಹೊತ್ತಿಗೆ ಮೀನಖಂಡದವರೆಗೆ ಎಳೆತ. ಬಸ್ಸಿನಲ್ಲಿ, ವ್ಯಾನಿನಲ್ಲಿ, ಕ್ಷೌರದಂಗಡಿಯ ಬೆಂಚಿನ ಮೇಲೆ, ಎಲ್ಲಿ ಕೂತರೂ ಅವನ ಹೆಬ್ಬೆರಳು ಹಿಮ್ಮಡಿಯನ್ನು ಒತ್ತಿ ನೋಡುತ್ತಿತ್ತು. ಇದೆಯೇ? ಇದೆ. ಮತ್ತೆ ಒತ್ತುತ್ತಿತ್ತು.

ಭಟ್ಟರಿಗೆ ಹೇಳಲಿಲ್ಲ. ಕುಂಟುವವನ ಕೈಯಿಂದ ಅವರು ಬಕೆಟ್ಟು ತೆಗೆದುಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು. ಪಂಕ್ತಿ ಮತ್ತು ಓಟ, ಎರಡೂ ಆ ಒಂದು ಹಿಮ್ಮಡಿಯ ಮೇಲೆ ನಿಂತಿದ್ದವು. ಅವೆರಡನ್ನು ತೆಗೆದರೆ ತನ್ನದೆಂದು ಹೇಳಿಕೊಳ್ಳಲು ಅವನ ಬಳಿ ಮೂರನೆಯದು ಇರಲಿಲ್ಲ.

ಸಾಗರದಲ್ಲಿ ಚೈತ್ರಾ ಎಂಬ ಫಿಸಿಯೋಥೆರಪಿಸ್ಟ್ ಹೊಸದಾಗಿ ಕ್ಲಿನಿಕ್ ತೆರೆದಿದ್ದಳು. ಅವನಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಹಿಮ್ಮಡಿಯ ಒಳಮಗ್ಗುಲಿಗೆ ಹೆಬ್ಬೆರಳಿಟ್ಟು ಒತ್ತಿದಳು. ಅವನು ಮಂಚದಿಂದ ಅರ್ಧ ಎದ್ದ.

"ಇಲ್ಲೇ ಅಲ್ವಾ? ಅಂಗಾಲು ಉದ್ದಕ್ಕೂ ಒಂದು ದಪ್ಪ ಪಟ್ಟಿ ಇರತ್ತೆ. ಅದು ಹಿಮ್ಮಡಿಗೆ ಅಂಟಿಕೊಂಡಿರೋ ಜಾಗ ಊದಿಕೊಂಡಿದೆ. ಮುರಿದಿಲ್ಲ, ಹರಿದಿಲ್ಲ. ಆದ್ರೆ ಹಟಮಾರಿ ಕಾಯಿಲೆ ಇದು. ಕೆಲಸ ಎಂತ ನಿಮ್ದು?"

"ಕೇಟರಿಂಗ್."

"ಸ್ವಂತದ್ದಾ?"

"ಹ್ಞಾಂ... ಹಂಗೇ ಒಂದು ಲೆಕ್ಕದಲ್ಲಿ."

ಹೋದ ಬೇಸಿಗೆಯಲ್ಲಿ ಹೆಣ್ಣಿನ ಕಡೆಯವರೊಬ್ಬರು 'ಬಡಿಸುವ ಹುಡುಗ' ಎಂದು ತಿಳಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಅಂದಿನಿಂದ ಯಾರು ಕೇಳಿದರೂ ಬಾಯಿಗೆ ಕೇಟರಿಂಗ್ ಎಂದೇ ಬರುತ್ತಿತ್ತು. ಚೈತ್ರಾಳ ಕಣ್ಣಿಗೆ ಬೋರ್ಡು ಹಾಕಿದ ಕಚೇರಿಯೊಂದು ಕಂಡಿರಬೇಕು. ಮುಂದೆ ಕೇಳಲಿಲ್ಲ.

"ಓಟ ಬಂದ್. ನಾನು ಹೇಳೋವರೆಗೂ. ಬರಿಗಾಲಲ್ಲಿ ಒಂದು ಹೆಜ್ಜೆನೂ ಬೇಡ. ಮನೆ ಒಳಗೂ ಮೆತ್ತನೆ ಚಪ್ಪಲಿ ಹಾಕ್ಬೇಕು."

"ಮನೆಲಿ ಬೈತಾರೆ."

"ಬೈದ್ರೆ ನನ್ನ ನಂಬರ್ ಕೊಡಿ. ಆಮೇಲೆ ದಿನಾ ಎರಡು ಹೊತ್ತು ಬಾಟ್ಲಿನೋ ಎಂತದೋ ಉರುಟಾಗಿರೋದು ಅಂಗಾಲಡಿ ಇಟ್ಕೊಂಡು ಉರುಳಿಸಿ. ಗೋಡೆಗೆ ಕೈ ಕೊಟ್ಟು ಮೀನಖಂಡ ಹಿಗ್ಗಿಸಿ, ತೋರಿಸ್ತೀನಿ. ಮೂರು ತಿಂಗಳಲ್ಲಿ ಸರಿ ಆಗ್ಬೇಕು."

ಅವನು ಎಲ್ಲವನ್ನೂ ಮಾಡಿದ. ಶೂಗಳನ್ನು ಚೀಲಕ್ಕೆ ಹಾಕಿ ಅಟ್ಟಕ್ಕೆಸೆದ. ಗೋಡೆ ತಳ್ಳಿದ. ಬಾಟ್ಲಿ ಉರುಳಿಸಿದ. ಓಡುವುದನ್ನು ಬಿಟ್ಟಿದ್ದೇನೆ, ಇನ್ನು ಕಾಲಿಗೆ ವಿಶ್ರಾಂತಿಯೇ ಎಂದು ನಂಬಿದ. ಅಡುಗೆಯ ಚಪ್ಪರಕ್ಕೂ ಪಂಕ್ತಿಗೂ ಮೆಟ್ಟು ತೊಟ್ಟು ಹೋಗುವುದುಂಟೆ? ಕಲ್ಯಾಣಮಂಟಪದ ಹಿಂಬಾಗಿಲಲ್ಲಿ ಮುಂಜಾನೆ ಬಿಟ್ಟ ಚಪ್ಪಲಿಯನ್ನು ತಂಡದವರು ಮತ್ತೆ ಕಾಣುವುದು ಕೊಪ್ಪರಿಗೆ ತೊಳೆದು ಕವುಚಿ ಹಾಕಿದ ಮೇಲೆ. ಅದನ್ನು ಯಾರೂ ಕಲಿಸಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಗ್ರಾನೈಟಿನ ನೆಲದ ಮೇಲೆ ಬರಿಗಾಲಲ್ಲಿ, ತುಂಬಿದ ಬಕೆಟ್ಟಿನೊಂದಿಗೆ, ಪಂಕ್ತಿಯ ಮೇಲೆ ಪಂಕ್ತಿ ಬಗ್ಗಿ ಓಡುವುದನ್ನು ವಿಘ್ನೇಶ್ವರ ಓಟದ ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಅದು ಕೆಲಸ. ಚೈತ್ರಾ ಬೇಡವೆಂದದ್ದು ಓಟವನ್ನು.

ನೋವು ಹಾಗೇ ಇತ್ತು. ಓಟವಿಲ್ಲದ ಬೆಳಗುಗಳು ಅವನನ್ನು ತಿನ್ನತೊಡಗಿದವು. ಬೇಗ ಎಚ್ಚರವಾಗುತ್ತಿತ್ತು, ಎದ್ದು ಮಾಡುವುದೇನೂ ಇರುತ್ತಿರಲಿಲ್ಲ. ವ್ಯಾನಿನಲ್ಲಿ ಹೋಗುವಾಗ ರಸ್ತೆಯಲ್ಲಿ ಯಾರಾದರೂ ಓಡುವುದು ಕಂಡರೆ ಮುಖ ತಿರುಗಿಸುತ್ತಿದ್ದ.

ಗುಟ್ಟನ್ನು ಮೊದಲು ಹಿಡಿದವರು ಸುಬ್ರಾಯಣ್ಣ. ತಂಡದಲ್ಲಿ ತರಕಾರಿ ಹೆಚ್ಚುವ ಮುದುಕ. ಮಂಡಿ ಹೋದ ಮೇಲೆ ಬಡಿಸುವುದನ್ನು ಬಿಟ್ಟು ಈಳಿಗೆ ಮಣೆ ಹತ್ತಿದವರು, ಆಮೇಲೆ ಇಳಿದಿರಲಿಲ್ಲ. ಅವರ ಬಳಿ ಎಲ್ಲದಕ್ಕೂ ಔಷಧವಿತ್ತು, ಅವರ ಮಂಡಿಯೊಂದನ್ನು ಬಿಟ್ಟು.

"ಎಕ್ಕದ ಎಲೆ ತಗಂಡ್ ಬಾ. ಒಲೆ ಇಟ್ಟಿಗೆ ಕಾದಿದ್ದು ಒಂದು ಎಳ್ಕ. ಅದ್ರ ಮೇಲೆ ಎಲೆ ಇಟ್ಟು ಹಿಮ್ಮಡಿ ಊರು. ಚುಂಯ್ ಹೇಳವು. ಚುಂಯ್ ಹೇಳ್ದೇ ಇದ್ರೆ ಗುಣ ಇಲ್ಲೆ."

ಚಪ್ಪರದ ಹಿಂದೆ ನಿಂತು ಊರಿದ. ಚುಂಯ್ ಎಂದಿತು. ವಿಘ್ನೇಶ್ವರ ಒಂಟಿಕಾಲಿನಲ್ಲಿ ತೆಂಗಿನಕಾಯಿ ರಾಶಿಯವರೆಗೂ ಕುಪ್ಪಳಿಸಿಕೊಂಡು ಹೋದ. ಸಂಜೆಗೆ ರೂಪಾಯಿಯಷ್ಟಗಲದ ಗುಳ್ಳೆ ಎದ್ದಿತು.

"ಈಗ ನೋವು ಎಲ್ಲಿದ್ದು?" ಸುಬ್ರಾಯಣ್ಣ ಕೇಳಿದರು.

"ಚರ್ಮದ ಮೇಲೆ."

"ನೋಡು ಮತ್ತೆ! ಒಳಗಿದ್ದಿದ್ದು ಹೊರಗೆ ಬೈಂದು. ಔಷಧ ಹಿಡತ್ತು."

ಗುಳ್ಳೆ ಒಡೆದು ಮಾಯ್ದ ಮೇಲೆ ನೋವು ಮತ್ತೆ ಒಳಗೆ ಹೋಗಿ ಕೂತಿತು.

ಮಾಘದಲ್ಲಿ ತುಮರಿಯ ಕಡೆ ಒಂದು ಗೃಹಪ್ರವೇಶ ಬಂತು. ಮೊದಲಾಗಿದ್ದರೆ ಹೊಳೆ ದಾಟಲು ಲಾಂಚಿಗೆ ಕಾಯಬೇಕಿತ್ತು. ಕಾಯುವುದೆಂದರೆ ಕೂರುವುದು, ದಾಟುವುದೆಂದರೆ ಮತ್ತೆ ಕೂರುವುದು. ಈಗ ಸೇತುವೆಯಾಗಿ ವ್ಯಾನು ನಿಲ್ಲದೆ ಓಡಿತು. ಕೊಪ್ಪರಿಗೆಗಳ ನಡುವೆ ಮುದುರಿ ಕೂತಿದ್ದ ವಿಘ್ನೇಶ್ವರನಿಗೆ ಮಾತ್ರ ಊರೆಲ್ಲ ಹೊಗಳುವ ಆ ಸೇತುವೆಯ ಮೇಲೆ ಸಿಟ್ಟು ಬಂತು.

ಎರಡನೆಯ ಪಂಕ್ತಿಯ ನಡುವೆ ಕಾಲು ಕೈಕೊಟ್ಟಿತು. ಹಿಮ್ಮಡಿಯನ್ನು ಎತ್ತಿ ತುದಿಗಾಲಲ್ಲಿ ನಡೆದರೆ ಬಕೆಟ್ಟು ತುಳುಕುತ್ತಿತ್ತು, ಊರಿದರೆ ಹಲ್ಲು ಕಚ್ಚಬೇಕಾಗುತ್ತಿತ್ತು. ಸಾಲಿನ ತುದಿಯಲ್ಲಿ ಗುಂಡಿ ಮಾಡಿಕೊಂಡು ಕೂತಿದ್ದ ಬ್ಯಾಕೋಡಿನ ಯಜಮಾನರೊಬ್ಬರು ಕುತ್ತಿಗೆ ಉದ್ದ ಮಾಡಿ ನೋಡಿದರು.

"ಎಂತ ಭಟ್ರೆ, ಸೇತುವೆ ಆಯ್ತು, ಬಸ್ಸು ಬಂತು. ಸಾರು ಮಾತ್ರ ಇನ್ನೂ ಲಾಂಚಲ್ಲೇ ಬರ್ತಾ ಉಂಟಲ್ಲ!"

ಇಡೀ ಸಾಲು ನಕ್ಕಿತು. ವಿಘ್ನೇಶ್ವರನೂ ನಕ್ಕ. ನಗದೆ ಇನ್ನೇನು ಮಾಡುವುದು? ಬಾಗಿಲಲ್ಲಿ ಪಾಯಸದ ಬಕೆಟ್ಟು ಹಿಡಿದು ನಿಂತಿದ್ದ ಪ್ರದೀಪ ನಗಲಿಲ್ಲ. ಅವನ ಹಿಂದೆ ಬೆವರು ಒರೆಸುತ್ತಿದ್ದ ಹೇರಂಬ ಭಟ್ಟರೂ ನಗಲಿಲ್ಲ. ಅವರ ಕಣ್ಣು ಅವನ ಕಾಲಿನ ಮೇಲಿತ್ತು.

ಅದಾಗಿ ಒಂದು ವಾರಕ್ಕೆ ತೀರ್ಥಹಳ್ಳಿಯಲ್ಲಿ ಗೌಡರ ಮನೆಯ ಮದುವೆ. ದೊಡ್ಡ ಮದುವೆ, ದೊಡ್ಡ ಮಂಟಪ, ನುಣ್ಣನೆಯ ಕರಿಕಲ್ಲಿನ ನೆಲ. ಹೋಳಿಗೆ ಆಗಲೇಬೇಕೆಂದು ಹುಡುಗಿಯ ಕಡೆಯವರ ಹಟ. ಚಪ್ಪರದ ಒಂದು ಮಗ್ಗುಲಲ್ಲಿ ಹೆಂಗಸರು ಸಾಲಾಗಿ ಕೂತು ಲಟ್ಟಿಸುತ್ತಿದ್ದರು. ಮೊದಲ ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಒರೆಸುವವರೆಗೆ ಸ್ವಲ್ಪ ಬಿಡುವಿತ್ತು. ವಿಘ್ನೇಶ್ವರ ಉಗ್ರಾಣದ ಕೋಣೆಗೆ ಹೋಗಿ ಅಕ್ಕಿಚೀಲದ ಮೇಲೆ ಕುಸಿದ. ಹಿಮ್ಮಡಿ ತನ್ನಷ್ಟಕ್ಕೆ ಮಿಡಿಯುತ್ತಿತ್ತು. ಬಾಟ್ಲಿ ವ್ಯಾನಿನಲ್ಲಿತ್ತು. ವ್ಯಾನಿನವನು ಬಾಳೆಲೆ ತರಲು ಹೋಗಿದ್ದ.

ಎದುರಿಗೆ ಬುಟ್ಟಿಯಲ್ಲಿ ಹೆಚ್ಚುವರಿ ಲಟ್ಟಣಿಗೆಗಳಿದ್ದವು.

ಅವನು ಯೋಚಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಯೋಚಿಸಿದ. ಬಾಗಿಲ ಕಡೆ ನೋಡಿದ. ತೊಳೆದು ಇಟ್ಟರಾಯಿತು ಎಂದುಕೊಂಡ. ಒಂದನ್ನು ಎತ್ತಿ ನೆಲಕ್ಕಿಟ್ಟು ಅಂಗಾಲನ್ನು ಅದರ ಮೇಲಿಟ್ಟು ಒತ್ತಿ ಉರುಳಿಸಿದ. ಬಾಟ್ಲಿ ಎಂದೂ ಮುಟ್ಟದ ಜಾಗವನ್ನು ಆ ಬೀಟೆಮರದ ಕೋಲು ಮುಟ್ಟಿತು. ಬೆರಳಿನ ಬುಡದಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಬೆರಳಿನ ಬುಡಕ್ಕೆ. ದೀಪಾವಳಿಯಿಂದ ಬಿಗಿದುಕೊಂಡಿದ್ದ ದವಡೆ ತಾನಾಗಿ ಸಡಿಲಾಯಿತು. ಕಣ್ಣು ಮುಚ್ಚಿದ.

ತೆರೆದಾಗ ಬಾಗಿಲಲ್ಲಿ ಹೇರಂಬ ಭಟ್ಟರು ನಿಂತಿದ್ದರು. ಬೆಲ್ಲಕ್ಕೆಂದು ಬಂದವರು.

ಅವರು ಕೂಗಾಡಲಿಲ್ಲ. ಹೆಗಲ ಮೇಲಿನ ಬೈರಾಸು ಟವೆಲನ್ನು ಕೈಗೆ ಸುತ್ತಿಕೊಂಡು, ಬಗ್ಗಿ, ಅವನ ಕಾಲಡಿಯಿಂದ ಲಟ್ಟಣಿಗೆಯನ್ನು ಎಳೆದುಕೊಂಡರು. ಹೊರಗೆ ಹೋಗಿ, ಸಾರಿನ ಕೊಪ್ಪರಿಗೆಯ ಕೆಳಗಿನ ಉರಿಗೆ ಅದನ್ನು ತುರುಕಿದರು. ಹೋಳಿಗೆಯ ಹೆಂಗಸೊಬ್ಬಳು ತಲೆ ಎತ್ತಿದಳು.

"ಅಯ್ಯಯ್ಯ, ಎಂತಕ್ಕೆ ಭಟ್ರೆ ಒಲೆಗೆ ಹಾಕಿದ್ರಿ? ಒಳ್ಳೇ ಲಟ್ಟಣಿಗೆ!"

"ಬಿರುಕು ಬಿಟ್ಟಿತ್ತು," ಎಂದರು ಭಟ್ಟರು. "ಹಿಟ್ಟು ಸೇರ್ಕಳತ್ತೆ. ನೀ ನಿನ್ನದ್ದು ಲಟ್ಟಿಸು."

ಆಮೇಲೆ ವಿಘ್ನೇಶ್ವರನನ್ನು ಪಾತ್ರೆ ತೊಳೆಯುವ ತೊಟ್ಟಿಯ ಹಿಂದಕ್ಕೆ ಕರೆದರು.

"ಇದ್ನ ಆ ಗೌಡ್ರು ನೋಡಿದ್ರೆ ಎಂತ ಆಗ್ತಿತ್ತು ಗೊತ್ತಿದ್ದಾ ನಿಂಗೆ?"

ವಿಘ್ನೇಶ್ವರ ಬಲಗಾಲನ್ನು ಹಿಂದಕ್ಕೆ ಸರಿಸಿದ.

"ಈ ಜಿಲ್ಲೆಲಿ ಮತ್ತೆ ಎಂಗಳ ತಂಡಕ್ಕೆ ಒಲೆ ಹಚ್ಚಲಾಗ್ತಿತ್ತಿಲ್ಲೆ. ಎಷ್ಟು ದಿನಾತು ಕಾಲಿಗೆ?"

"ಓಡಿದ್ದಾಗಿಂದ."

"ಎಂತಕ್ಕೆ ಹೇಳಿದ್ದಿಲ್ಲೆ?"

"ಹೇಳಿದ್ರೆ ಬಕೆಟ್ಟು ಪ್ರದೀಪಂಗೆ ಕೊಡ್ತಿದ್ರಿ."

"ಕೊಡ್ತಿದ್ದಿ," ಭಟ್ಟರು ಹೇಳಿದರು. "ಈಗ್ಲೂ ಕೊಡ್ತಿ."

ವಿಘ್ನೇಶ್ವರ ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟ. "ಹೊಸ ಶೂ ತಗತ್ತಿ ಭಟ್ರೆ. ಅದನ್ನ ಹಾಕ್ಕಂಡು ಹೊರಗೆ ಒಂದು ಹೆಜ್ಜೆನೂ ಇಡ್ತ್ನಿಲ್ಲೆ. ಪಂಕ್ತಿಗೇ ಹೇಳಿ ಬೇರೆ ಜೊತೆ. ದಿನಾ ತೊಳದು ಇಡ್ತಿ."

"ಹೊಸದು ಹೇಳಿ ನಿಂಗೂ ಗೊತ್ತು, ಎಂಗೂ ಗೊತ್ತು. ಎಲೆ ಮುಂದೆ ಕೂತವಂಗೆ ಗೊತ್ತಿದ್ದಾ? ಅವಂಗೆ ಕಾಣದು ಎಲೆ ಮೇಲೆ ಅನ್ನ, ಅನ್ನದ ಪಕ್ಕ ನಿನ್ನ ಮೆಟ್ಟು."

"ಬಫೆಲಿ ಎಲ್ಲ ಹಾಕ್ತ್ವಲಿ."

"ಬಫೆಲಿ ಉಂಬವ್ನ ಕಾಲಲ್ಲೂ ಮೆಟ್ಟು ಇರ್ತು. ಅದು ಬೇರೆ ಧರ್ಮ ಮಾರಾಯ. ನೀನೇ ಹೇಳು, ನಿನ್ನ ಎಲೆ ಎದ್ರಿಗೆ ಯಾರಾದ್ರೂ ಶೂ ಹಾಕ್ಕಂಡು ಬಂದು ಸೌಟು ಬಗ್ಸಿದ್ರೆ ಉಣ್ತ್ಯಾ?"

ಹೌದೆನ್ನಬೇಕೆಂದು ಬಾಯಿ ತೆರೆದ ವಿಘ್ನೇಶ್ವರನಿಗೆ ಹೌದೆನ್ನಲಾಗಲಿಲ್ಲ. ಅವನೂ ಎಲೆ ಬಿಟ್ಟು ಏಳುತ್ತಿದ್ದ. ಬೇರೆಯವರಿಗಿಂತ ಮೊದಲು ಏಳುತ್ತಿದ್ದ.

"ತರಕಾರಿ ಹೆಚ್ಚಲೆ ಕೂತ್ಕ," ಎಂದರು ಭಟ್ಟರು. "ಅಲ್ಲಿ ಚಪ್ಲಿ ಹತ್ರ ಇಟ್ಕಂಡ್ರೂ ಯಾರೂ ಕೇಳ್ತ್ವಿಲ್ಲೆ. ಪಂಕ್ತಿಗೆ ಇಳಿಯಡ. ಗುಣ ಆತು ಹೇಳಿ ಆನು ಹೇಳದಲ್ಲ, ನೀ ಹೇಳವು. ಸುಳ್ಳು ಹೇಳದಾದ್ರೆ ಈಗ್ಲೇ ಮನಿಗೆ ಹೋಗು."

ಎರಡನೆಯ ಪಂಕ್ತಿಗೆ ಸಾರಿನ ಬಕೆಟ್ಟು ಪ್ರದೀಪನ ಕೈಗೆ ಹೋಯಿತು. ಅದನ್ನು ಎತ್ತುವ ಮೊದಲು ಅವನು ಚಪ್ಪರದ ಅಂಚಿಗೆ ಬಂದು ನಿಂತ.

"ಬೇಜಾರು ಮಾಡ್ಕಳಡ."

"ಸೌಟು ಪೂರ್ತಿ ತುಂಬಡ," ಎಂದ ವಿಘ್ನೇಶ್ವರ. "ಮುಕ್ಕಾಲು ಹಿಡಿ. ತುಂಬಿದ್ರೆ ತುಳುಕ್ತು." ಅಷ್ಟು ಹೇಳಿ ಮುಖ ಬೇರೆ ಕಡೆ ತಿರುಗಿಸಿ ಸೌತೆಕಾಯಿ ಎಳೆದುಕೊಂಡ.

ಮೊದಲ ಹತ್ತು ದಿನ ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಈಳಿಗೆ ಮಣೆ ಮೇಲೆ ಕೂತವನ ಕಿವಿ ಪಂಕ್ತಿಯಲ್ಲಿರುತ್ತಿತ್ತು. ಅನ್ನದ ಬುಟ್ಟಿ ಹೋದ ಸದ್ದು, ಆಮೇಲೆ ಒಂದು ಮೌನ. ಆ ಮೌನದಲ್ಲಿ ಎಲ್ಲರೂ ಗುಂಡಿ ಮಾಡುತ್ತಿರುತ್ತಾರೆ. ಈಗ ಹೊರಡಬೇಕು. ಈಗ. ಪ್ರದೀಪ ಇನ್ನೂ ಹೊರಟಿಲ್ಲ. ವಿಘ್ನೇಶ್ವರನ ಮೈ ತಾನಾಗಿ ಮಣೆಯಿಂದ ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಬದನೆಯ ಹೋಳುಗಳು ಒಂದು ದಪ್ಪ, ಒಂದು ತೆಳು. ಮೊಣಕಾಲು ಹೊಲಿಗೆ ಮಿಷನ್ನಿನ ಪೆಡಲಿನಂತೆ ಕುಣಿಯುತ್ತಿತ್ತು.

"ಕಾಲು ಅಲ್ಲಾಡ್ಸಡ ಮಾಣಿ. ದಾರಿದ್ರ್ಯ ಬತ್ತು," ಎನ್ನುತ್ತಿದ್ದರು ಸುಬ್ರಾಯಣ್ಣ.

"ಬಪ್ಪಲೆ ಇನ್ನೆಂತ ಬಾಕಿ ಇದ್ದು?"

"ಮದುವೆ ಆಜಿಲ್ಲೆ ಅಲ್ದಾ ನಿಂಗೆ? ಅದು ಬಾಕಿ ಇದ್ದು. ಅದೂ ಅದೇ ಪೈಕಿ."

ಮುದುಕ ದಿನವಿಡೀ ಮಾತಾಡುತ್ತಿದ್ದರು. ಬೂದುಗುಂಬಳ ಯಾವ ಸಂತೆಯದ್ದು ಚೆನ್ನ, ಯಾವ ಮನೆಯ ಮದುವೆಯಲ್ಲಿ ಯಾರು ಎಷ್ಟು ಜಿಲೇಬಿ ತಿಂದರು. ವಿಘ್ನೇಶ್ವರನಿಗೆ ಕೆಲವೊಮ್ಮೆ ಈಳಿಗೆ ಎತ್ತಿ ಎಸೆಯಬೇಕೆನ್ನಿಸುತ್ತಿತ್ತು. ನಲವತ್ತು ವರ್ಷ ಕಳೆದರೆ ತಾನೂ ಇಲ್ಲೇ ಕೂತು ಹೀಗೇ ಮಾತಾಡುತ್ತೇನೆಂಬ ಯೋಚನೆ ಬಂದು, ಅವತ್ತಿನ ಊಟ ರುಚಿಸಲಿಲ್ಲ.

ಮತ್ತೆ ಚೈತ್ರಾಳ ಕ್ಲಿನಿಕ್ಕಿಗೆ ಹೋದಾಗ, ಅವಳು ಕೇಳುವ ಮೊದಲೇ ಹೇಳಿದ.

"ನನ್ನ ಕೆಲಸ ಬಡಿಸೋದು. ಪಂಕ್ತಿಲಿ. ಸಾರು."

"ಬಡಿಸೋದಾ? ಚಪ್ಪಲಿ?"

"ಹಾಕೋ ಹಂಗಿಲ್ಲ."

ಅವಳು ಅವನ ಪಾದವನ್ನು ಮಂಚದ ಮೇಲೆ ಇಳಿಸಿ ಕೈ ಒರೆಸಿಕೊಂಡಳು. "ಹಂಗಾದ್ರೆ ಇಷ್ಟು ದಿನ ನಾನು ಯಾರ ಕಾಲಿಗೆ ಔಷಧಿ ಹೇಳ್ತಾ ಇದ್ದೆ?"

ಅವನು ಕಾಲನ್ನು ತನ್ನ ಕಡೆಗೆ ಎಳೆದುಕೊಂಡ.

"ನಮ್ಮ ಹೊಸನಗರದ ಮನೆ ಮದುವೆಗಳಲ್ಲಿ ಬಡಿಸೋರನ್ನ ನೋಡಿದೀನಿ ನಾನು. ಓಟಕ್ಕಿಂತ ಕಡೆ ಅದು. ಓಡುವಾಗ ಶೂ ಆದ್ರೂ ಇತ್ತು ನಿಮಗೆ. ಎಂತಕ್ಕೆ ಸುಳ್ಳು ಹೇಳಿದ್ದು?"

"ಕೇಟರಿಂಗ್ ಅಂದ್ರೆ ಸುಳ್ಳಲ್ಲ. ಈಗ ತರಕಾರಿ ಹೆಚ್ಚೋಕೆ ಕೂರಿಸಿದಾರೆ."

"ಸರಿ ಬಿಡಿ. ಈಗ ಕೂತ್ಕೊಂಡಿದ್ದೀರಲ್ಲ, ಕೂತ್ಕೊಂಡೇ ಇರಿ. ಯುಗಾದಿ ಕಳೀಲಿ. ಆಮೇಲೆ ಮೊದಲು ನಡಿಗೆ, ಆಮೇಲೆ ಒಂದು ಪಂಕ್ತಿ, ಆಮೇಲೆ ಓಟ. ಮಧ್ಯ ನೋವಿಲ್ಲ ಅಂತ ಒಂದು ದಿನ ಇಳಿದ್ರೆ ಮತ್ತೆ ಮೊದಲಿಂದ. ನೋವು ಹೋಗೋದು ಬೇರೆ, ಗುಣ ಆಗೋದು ಬೇರೆ."

ಫಾಲ್ಗುಣದ ಕೊನೆಗೆ ಸಾಗರದಲ್ಲೇ ಒಂದು ಮದುವೆ. ಅಂದು ಬೆಳಿಗ್ಗೆ ಎದ್ದು ಬಲಗಾಲು ಊರಿದ ವಿಘ್ನೇಶ್ವರ ಹಾಗೇ ನಿಂತ. ಮೊಳೆ ಇರಲಿಲ್ಲ. ನಂಬಿಕೆಯಾಗದೆ ಮತ್ತೆ ಹಾಸಿಗೆಯ ಮೇಲೆ ಕೂತು, ಮತ್ತೆ ಎದ್ದು ಊರಿದ. ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಟ.

ಅಂದುಕೊಂಡಿದ್ದಕ್ಕಿಂತ ಹೆಚ್ಚು ಜನ ಬಂದಿದ್ದರು. ಊಟದ ಮನೆಯ ಎರಡು ಅಂಕಣದಲ್ಲೂ ಒಟ್ಟಿಗೆ ಎಲೆ ಹಾಕಬೇಕಾಯಿತು. ಪ್ರದೀಪ ಒಂದು ಅಂಕಣ ಹಿಡಿದ. ಇನ್ನೊಂದಕ್ಕೆ ಗೊತ್ತುಮಾಡಿದ್ದ ಹುಡುಗ ಬಂದಿರಲಿಲ್ಲ. ಅನ್ನ ಹೋಯಿತು. ಮೌನ ಬಿತ್ತು. ತುಂಬಿದ ಬಕೆಟ್ಟೊಂದು ಒಲೆಯ ಪಕ್ಕ ಹಬೆಯಾಡುತ್ತ ಕೂತಿತ್ತು.

"ವಿಘ್ನೇಶಾ!" ಪ್ರದೀಪ ಬಾಗಿಲಿಂದ ಕೂಗಿದ. "ಇದೊಂದೇ ಸಾಲು ಮಾರಾಯ, ಎಲ್ಲ ಕೈ ಎತ್ಕಂಡು ಕೂತಿದ್ವ!"

ವಿಘ್ನೇಶ್ವರ ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ. ಚಪ್ಪಲಿ ಚಪ್ಪರದ ಅಂಚಿನಲ್ಲಿ ಉಳಿಯಿತು. ಬರಿಗಾಲಿಗೆ ತಣ್ಣನೆಯ ಕಲ್ಲು ತಗುಲಿತು. ಬಕೆಟ್ಟಿನ ಹಿಡಿಕೆ ಎಡಗೈಗೆ ಬಂತು, ಸೌಟು ಬಲಗೈಗೆ. ಭಾರವೆಲ್ಲ ಹಿಮ್ಮಡಿಗೆ ಇಳಿಯಿತು. ನೋವಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ: ಉದ್ದಕ್ಕೂ ಎಲೆ, ಎಲೆಯ ಮೇಲೆ ಅನ್ನ, ಅನ್ನದಲ್ಲಿ ಗುಂಡಿ. ಯಾರೋ ಹೆಂಗಸು, "ಓ, ಇಂಟರ್‌ಸಿಟಿ!" ಎಂದಳು.

ಒಲೆಯ ಬಳಿ ಹೇರಂಬ ಭಟ್ಟರು ಕಟ್ಟಿಗೆ ಸರಿಸುತ್ತಿದ್ದವರು ತಲೆ ಎತ್ತಿದರು. ಅವರು ಬೇಡವೆನ್ನಲಿ ಎಂದು ವಿಘ್ನೇಶ್ವರ ಒಂದು ಗಳಿಗೆ ಕಾದ. ಬೇಡವೆಂದಿದ್ದರೆ ಸಿಟ್ಟಿನಿಂದ ಪಂಕ್ತಿಗೆ ಇಳಿದುಬಿಡಬಹುದಿತ್ತು. ಹೋಗು ಎಂದಿದ್ದರೂ ಹೋಗಬಹುದಿತ್ತು. ಅವರು ಏನೂ ಹೇಳಲಿಲ್ಲ. ಸುಮ್ಮನೆ ನೋಡಿದರು.

ಬಕೆಟ್ಟನ್ನು ಹೊಸ್ತಿಲ ಮೇಲಿಟ್ಟ.

"ಗುಣ ಆಜಿಲ್ಲೆ ಭಟ್ರೆ," ಎಂದ. "ನೋವಿಲ್ಲೆ. ಆದ್ರೆ ಗುಣ ಆಜಿಲ್ಲೆ. ಬೇರೆ ಯಾರಿಗಾದ್ರೂ ಕೊಡಿ."

ಬೇರೆ ಯಾರೂ ಇರಲಿಲ್ಲ. ಭಟ್ಟರು ಎದ್ದರು. ಕೈ ತೊಳೆದು, ಬೈರಾಸನ್ನು ಸೊಂಟಕ್ಕೆ ಬಿಗಿದು, ಬಕೆಟ್ಟು ಎತ್ತಿ ಬಾಗಿಲು ದಾಟಿದರು. ಹೊಟ್ಟೆ ಬಂದ ಆಳು, ಬಗ್ಗುವುದು ಕಷ್ಟ. ಪ್ರತಿ ಎಲೆಯ ಮುಂದೆ ನಿಂತು, ಉಸಿರೆಳೆದು, ಸೌಟು ಇಳಿಸುತ್ತಿದ್ದರು.

"ಭಟ್ರೇ, ಅನ್ನ ಆರಿ ಕಲ್ಲಾತು!" ದೂರದಿಂದ ಯಾರೋ ಕೂಗಿದರು.

"ಸಾರು ಬಿಸಿ ಇದ್ದು, ಹೆದ್ರಡ! ಆನು ಓಡವ್ನಲ್ಲ, ಓಡವಂಗೆ ಕಾಲು ನೋವು!"

ಸಾಲು ನಕ್ಕಿತು. ಕೆಲವರು ಕೊಸಂಬರಿ ತಿಂದರು. ಒಂದು ಮಗು ಗುಂಡಿಗೆ ಮಜ್ಜಿಗೆ ಹಾಕಿಸಿಕೊಂಡು ಉಂಡೇಬಿಟ್ಟಿತು. ಭಟ್ಟರು ಕೊನೆಯ ಎಲೆ ಮುಟ್ಟುವ ಹೊತ್ತಿಗೆ ಪ್ರದೀಪನ ಅಂಕಣಕ್ಕೆ ಹುಳಿ ಹೋಗಿ ಆಗಿತ್ತು. ಆದರೂ ಯಾರೂ ಎಲೆ ಬಿಟ್ಟು ಏಳಲಿಲ್ಲ. ಯಾರ ಮದುವೆಯ ಹೆಸರೂ ಕೆಡಲಿಲ್ಲ.

ಇಷ್ಟು ವರ್ಷ ತಾನು ಓಡಿದ್ದು ಇದಕ್ಕೇನಾ? ಹಿಮ್ಮಡಿಗಿಂತ ಹೆಚ್ಚು ವಿಘ್ನೇಶ್ವರನಿಗೆ ಚುಚ್ಚಿದ್ದು ಅದು. ಚಪ್ಪಲಿಯೊಳಗೆ ಕಾಲು ತೂರಿಸಿದ, ಎರಡು ಹೆಜ್ಜೆ ನಡೆದು ಮಣೆಯ ಬಳಿ ಚಪ್ಪಲಿ ಬಿಟ್ಟು ಕೂತ. ರಾತ್ರಿಯ ಊಟಕ್ಕೆ ಮಂಗಳೂರು ಸೌತೆ ರಾಶಿ ಬಿದ್ದಿತ್ತು. ಒಂದನ್ನು ಎತ್ತಿ ಈಳಿಗೆಗೆ ಕೊಟ್ಟು ಸೀಳಿದ. ಹೋಳುಗಳು ಒಂದೇ ಸಮ ಬೀಳತೊಡಗಿದವು. ಮೊಣಕಾಲು ಮತ್ತೆ ಕುಣಿಯತೊಡಗಿತು.

ಸುಬ್ರಾಯಣ್ಣ ಆ ಮೊಣಕಾಲು ನೋಡಿ ಬಾಯಿ ತೆರೆದರು.

"ಗೊತ್ತಿದ್ದು," ಎಂದ ವಿಘ್ನೇಶ್ವರ. ಕಾಲು ನಿಲ್ಲಿಸಲಿಲ್ಲ.